ಓದುಗರ ಪ್ರಶ್ನೆ: ಕಾಣೆಯಾದ ಮಗ ಮತ್ತು ಮನೆಯವರ ಮೌನ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಅಮೆರಿಕದ ಲೇಖಕ ರಾಸ್ ಮ್ಯಾಕ್‌ಡೊನಾಲ್ಡ್ 1959ರಲ್ಲಿ ಪ್ರಕಟಿಸಿದ ‘ದಿ ಗ್ಯಾಲ್ಟನ್ ಕೇಸ್’ ಎಂಬ ಪತ್ತೇದಾರಿ ಕಾದಂಬರಿಯನ್ನು ಕುರಿತು ಒಂದು ಪುಟ್ಟ ಟಿಪ್ಪಣಿ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಪುಸ್ತಕದ ಬಗ್ಗೆಯೇ ಇದ್ದವು. ಒಂದೆರಡು ಪತ್ರಗಳು ಪುಸ್ತಕದಿಂದ ಹೊರಟು ಬರೆದವರ ಸ್ವಂತ ಮನೆಯನ್ನೇ ತಲುಪಿದ್ದವು. ಹೀಗಾಗಿ ಈ ಸಲದ ಜಾಗವನ್ನೆಲ್ಲ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಕಾದಂಬರಿಯನ್ನು ಇನ್ನೂ ಓದದೆ ಇರುವವರು ಮೂರನೆಯ ಉತ್ತರವನ್ನು ದಾಟಿಕೊಂಡು ಹೋಗುವುದು ಒಳ್ಳೆಯದು. ಕಥೆಯ ಒಂದು ಮುಖ್ಯ ತಿರುವನ್ನು ಹೇಳದೆ ಅಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಪ್ರಶ್ನೆ: ಮಾನ್ಯರೇ, ನಮ್ಮ ಕಾಲದಲ್ಲಿ ಬಾಡಿಗೆ ಪುಸ್ತಕದಂಗಡಿಯಿಂದ ತಂದು ಒಂದೇ ರಾತ್ರಿಯಲ್ಲಿ ಮುಗಿಸುತ್ತಿದ್ದ ಪತ್ತೇದಾರಿ ಕಾದಂಬರಿಗಳಲ್ಲಿ ವೇಷ ಮರೆಸುವುದು, ಬೆನ್ನಟ್ಟುವುದು, ನೆಲಮಾಳಿಗೆ ಎಲ್ಲವೂ ಇರುತ್ತಿದ್ದವು. ನೀವು ಹೊಗಳಿದ ಪುಸ್ತಕವನ್ನು ಮಗನ ಕೈಯಿಂದ ತರಿಸಿಕೊಂಡು ಅರ್ಧ ಓದಿದ್ದೇನೆ. ಪತ್ತೇದಾರನು ಊರೂರು ತಿರುಗಿ ಬರೀ ಮಾತಾಡಿಸುತ್ತಾನೆ. ಇದು ಪತ್ತೇದಾರಿಯೇ? (ನಿವೃತ್ತ ಗ್ರಂಥಪಾಲಕರು, ಶಿವಮೊಗ್ಗ)

ಉತ್ತರ: ಪತ್ತೇದಾರಿಯೇ. ಆದರೆ ನಿಮ್ಮ ಅಸಮಾಧಾನ ಎಲ್ಲಿಂದ ಬಂತೆಂಬುದು ನನಗೆ ಅರ್ಥವಾಗುತ್ತದೆ, ಏಕೆಂದರೆ ನಾನೂ ಅದೇ ಅಂಗಡಿಗಳ ಗಿರಾಕಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಾಗಲಿ, ಕನ್ನಡ ಚಳವಳಿಗೆ ಹಳದಿ ಕೆಂಪು ಬಾವುಟವನ್ನು ಕೊಟ್ಟ ಮ. ರಾಮಮೂರ್ತಿಯವರು ಬರೆದ ಪತ್ತೇದಾರಿ ಕಥೆಗಳಾಗಲಿ ನಮಗೆ ಕಲಿಸಿದ್ದ ಪದ್ಧತಿ ಬೇರೆ: ಗುಟ್ಟು ಖಳನ ಸ್ವತ್ತು, ಅದನ್ನು ಅವನಿಂದ ಕಿತ್ತುಕೊಳ್ಳುವುದು ಪತ್ತೇದಾರನ ಸಾಹಸ. ಮ್ಯಾಕ್‌ಡೊನಾಲ್ಡರ ಲ್ಯೂ ಆರ್ಚರ್ ಎದುರಿಸುವ ಗುಟ್ಟು ಒಬ್ಬರ ಸ್ವತ್ತಲ್ಲ. ಅದು ಒಂದು ಮನೆಯವರೆಲ್ಲರ ನಡುವೆ ಚೂರುಚೂರಾಗಿ ಹಂಚಿಹೋಗಿರುತ್ತದೆ. ತಾಯಿಗೆ ಒಂದು ಚೂರು ಗೊತ್ತು, ವಕೀಲರಿಗೆ ಒಂದು, ಮನೆ ವೈದ್ಯರಿಗೆ ಒಂದು, ಕೆಲಸ ಬಿಟ್ಟುಹೋದ ಆಳಿಗೆ ಮತ್ತೊಂದು. ತಮಗೆ ಗೊತ್ತಿರುವುದು ಗುಟ್ಟಿನ ಭಾಗ ಎಂಬುದೇ ಕೆಲವರಿಗೆ ಗೊತ್ತಿರುವುದಿಲ್ಲ. ಈ ಚೂರುಗಳನ್ನು ಕೂಡಿಸಬೇಕಾದರೆ ಮಾತಾಡಿಸದೆ ಬೇರೆ ದಾರಿಯಿಲ್ಲ. ಮನೆಯವರೊಬ್ಬರು ಈ ಕೆಲಸಕ್ಕೆ ಕೈಹಾಕಿದರೆ ಎರಡನೆಯ ಪ್ರಶ್ನೆಗೇ ಜಗಳವಾಗುತ್ತದೆ. ಹೊರಗಿನವನೊಬ್ಬ, ಅದೂ ದಿನಗೂಲಿಯ ಮೇಲೆ ಬಂದವನು, ಬೇಕಾಗುವುದು ಅದಕ್ಕೇ.

ಅರ್ಧ ಓದಿದ್ದೀರಿ ಎಂದಿದ್ದೀರಿ. ಪುಸ್ತಕವನ್ನು ನೋಡದ ಓದುಗರಿಗಾಗಿ ಆ ಅರ್ಧವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಕ್ಯಾಲಿಫೋರ್ನಿಯದ ಕರಾವಳಿಯ ಸಾಂತಾ ತೆರೆಸಾ ಎಂಬ ಕಲ್ಪಿತ ಊರಿನಲ್ಲಿ ಮರಿಯಾ ಗ್ಯಾಲ್ಟನ್ ಎಂಬ ಶ್ರೀಮಂತ ವೃದ್ಧೆಯಿದ್ದಾರೆ. ಇಪ್ಪತ್ತು ವರ್ಷಗಳಿಗೂ ಹಿಂದೆ ಅವರ ಒಬ್ಬನೇ ಮಗ ಆಂಟನಿ, ಮನೆಯವರು ಒಪ್ಪದ ಹೆಣ್ಣನ್ನು ಮದುವೆಯಾಗಿ, ಬಸುರಿಯಾಗಿದ್ದ ಅವಳೊಡನೆ ಮನೆ ಬಿಟ್ಟು ಹೋದವನು ಮತ್ತೆ ಕಂಡಿಲ್ಲ. ಸಾಯುವ ಮೊದಲು ಅವನನ್ನು ನೋಡಬೇಕೆಂದು ಆಕೆ ಹಟ ಹಿಡಿದಾಗ ವಕೀಲರು ಆರ್ಚರನನ್ನು ನೇಮಿಸುತ್ತಾರೆ. ಸಿಗುವುದಿಲ್ಲವೆಂದು ಎಲ್ಲರಿಗೂ, ಆರ್ಚರನಿಗೂ, ಖಾತ್ರಿಯಿರುವ ಹುಡುಕಾಟವಿದು. ಆದರೆ ಒಂದು ಸಣ್ಣ ಸಾಹಿತ್ಯ ಪತ್ರಿಕೆಯಲ್ಲಿ ಜಾನ್ ಬ್ರೌನ್ ಎಂಬ ಹೆಸರಿನಲ್ಲಿ ಅಚ್ಚಾಗಿದ್ದ ಒಂದು ಪದ್ಯದ ಜಾಡು ಹಿಡಿದು ಅವನು ಸಾನ್ ಫ್ರಾನ್ಸಿಸ್ಕೊದ ದಕ್ಷಿಣಕ್ಕಿರುವ ಒಂದು ಕಡಲ ಹಳ್ಳಿಯನ್ನು ತಲುಪುತ್ತಾನೆ. ಅಲ್ಲಿ ಕಟ್ಟಡಕ್ಕೆಂದು ನೆಲ ಅಗೆದಾಗ ತಲೆಯಿಲ್ಲದ ಒಂದು ಅಸ್ಥಿಪಂಜರ ಸಿಕ್ಕಿರುತ್ತದೆ. ಅದೇ ಊರಿನ ಪೆಟ್ರೋಲ್ ಬಂಕಿನಲ್ಲಿ, ಕಾಣೆಯಾದ ಮಗನನ್ನೇ ಹೋಲುವ ಮುಖದ, ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ತನ್ನ ತಂದೆ ಯಾರೆಂದು ವಿಚಾರಿಸುತ್ತಾ ಕೆಲಸಕ್ಕಿರುತ್ತಾನೆ. ಇಲ್ಲಿಂದ ಮುಂದಕ್ಕೆ ಹುಡುಕಾಟವು ಮಗನನ್ನು ಬಿಟ್ಟು ಮೊಮ್ಮಗನ ಹಿಂದೆ ಬೀಳುತ್ತದೆ.

ಇಷ್ಟಾಗಿಯೂ ನಿಮಗೆ ಹೊಡೆದಾಟ ಬೇಕೇ ಬೇಕೆಂದಿದ್ದರೆ ಪುಸ್ತಕವನ್ನು ಕೆಳಗಿಡಬೇಡಿ. ಮುಂದೆ ಆರ್ಚರ್ ಆಸ್ಪತ್ರೆ ಸೇರುವಷ್ಟು ಏಟು ತಿನ್ನುತ್ತಾನೆ.

ಪ್ರಶ್ನೆ: ಈ ಲೇಖಕನ ನಾಲ್ಕು ಕಾದಂಬರಿ ಓದಿದ್ದೇನೆ ಸರ್. ನಾಲ್ಕರಲ್ಲೂ ಓಡಿಹೋದ ಮಕ್ಕಳು, ಬಿಟ್ಟುಹೋದ ತಂದೆ, ಹೆಸರು ಬದಲಿಸಿಕೊಂಡವರು. ಬೇರೆ ವಿಷಯವೇ ಸಿಗಲಿಲ್ಲವೇ? (ಸ್ನಾತಕೋತ್ತರ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಸಿಗಲಿಲ್ಲ ಎನ್ನುವುದಕ್ಕಿಂತ, ಈ ವಿಷಯ ಅವರನ್ನು ಬಿಡಲಿಲ್ಲ ಎನ್ನಬೇಕು. ಮೊದಲಿಗೆ, ‘ರಾಸ್ ಮ್ಯಾಕ್‌ಡೊನಾಲ್ಡ್’ ಎಂಬುದೇ ಬದಲಿಸಿಕೊಂಡ ಹೆಸರು. ಅವರ ನಿಜನಾಮ ಕೆನೆತ್ ಮಿಲ್ಲರ್. ಹುಟ್ಟಿದ್ದು 1915ರಲ್ಲಿ, ಕ್ಯಾಲಿಫೋರ್ನಿಯದ ಲಾಸ್ ಗ್ಯಾಟೋಸ್‌ನಲ್ಲಿ, ಬೆಳೆದದ್ದು ಕೆನಡಾದಲ್ಲಿ. ತೀರ ಚಿಕ್ಕವರಿದ್ದಾಗಲೇ ತಂದೆ ಮನೆ ಬಿಟ್ಟು ಹೋದರು. ಸಾಕಲಾಗದ ತಾಯಿ ಆರು ವರ್ಷದ ಹುಡುಗನನ್ನು ಅನಾಥಾಲಯದ ಗೇಟಿನವರೆಗೂ ಕರೆದುಕೊಂಡು ಹೋಗಿದ್ದರು. ಒಳಗೆ ಬಿಡಲು ಮನಸ್ಸಾಗದೆ ಹಿಂದಕ್ಕೆ ಕರೆತಂದರು. ಅಲ್ಲಿಂದಾಚೆಗೆ ಈ ನೆಂಟರ ಮನೆ, ಆ ನೆಂಟರ ಮನೆ. ಹದಿನಾರು ತುಂಬುವುದರೊಳಗೆ ತಾನು ಮಲಗಿದ ಕೋಣೆಗಳನ್ನು ಎಣಿಸಿದರೆ ಐವತ್ತಾಗುತ್ತದೆಂದು ಅವರೇ ಒಮ್ಮೆ ಲೆಕ್ಕ ಕೊಟ್ಟಿದ್ದಾರೆ. ಊಟಕ್ಕೆ ಕುಳಿತ ಮನೆಯಲ್ಲಿ ತಾನು ಯಾರಾಗಬೇಕು, ಎಷ್ಟು ದಿನ ಇರಬಹುದು ಎಂದು ಮುಖಗಳನ್ನು ನೋಡಿ ಊಹಿಸಬೇಕಾದ ಹುಡುಗನಿಗೆ ಪತ್ತೇದಾರಿಕೆಯನ್ನು ಬೇರೆ ಕಲಿಸಬೇಕಾಗಿಲ್ಲ.

ಆದರೂ ಅವರು ಒಂದೇ ಸಲಕ್ಕೆ ಈ ವಸ್ತುವಿಗೆ ಬರಲಿಲ್ಲ. 1949ರಲ್ಲಿ ಬಂದ ಮೊದಲ ಆರ್ಚರ್ ಕಾದಂಬರಿಯಲ್ಲಿ ಆ ಕಾಲದ ಅಮೆರಿಕನ್ ಪತ್ತೇದಾರಿಯ ಒರಟುತನ, ಚುರುಕು ಮಾತು, ಬಂದೂಕು ಎಲ್ಲವೂ ಇವೆ. ಚೆನ್ನಾಗಿಯೂ ಇವೆ, ಆದರೆ ಅವು ಎರವಲು. ಆರ್ಚರ್ ಎಂಬ ಹೆಸರೇ ಡ್ಯಾಶಿಯಲ್ ಹ್ಯಾಮೆಟ್‌ರ ಕಾದಂಬರಿಯೊಂದರಲ್ಲಿ ಆರಂಭದಲ್ಲೇ ಸಾಯುವ ಪತ್ತೇದಾರನದು. ಮುಂದೆ 1956ರಲ್ಲಿ ಅವರ ಮಗಳು ಸಿಕ್ಕಿಬಿದ್ದ ಒಂದು ರಸ್ತೆ ದುರಂತ ಇಡೀ ಕುಟುಂಬವನ್ನು ಅಲುಗಾಡಿಸಿತು. ಮನೆಯವರು ಸಾಂತಾ ಬಾರ್ಬರಾವನ್ನು ಕೆಲಕಾಲ ತೊರೆದರು. ಮ್ಯಾಕ್‌ಡೊನಾಲ್ಡ್ ಸ್ವತಃ ಮನೋಚಿಕಿತ್ಸೆಗೆ ಒಳಗಾದರು. ಚಿಕಿತ್ಸೆಯಿಂದ ಹೊರಬಂದ ಮೇಲೆ ಬರೆದವುಗಳಲ್ಲಿ ಒಂದು ನಮ್ಮ ಈ ‘ಗ್ಯಾಲ್ಟನ್’. ಅದಕ್ಕಾಗಿ ಬರೆದಿಟ್ಟುಕೊಂಡ ಟಿಪ್ಪಣಿಗಳ ಮೂಲದಲ್ಲಿ ಹೆತ್ತವರು ಪರದೇಶಕ್ಕೆ ದೂಡಿದರೆಂದು ಕೋಪಗೊಂಡ ಈಡಿಪಸ್‌ನ (ಹೆತ್ತವರು ಯಾರೆಂದು ತಿಳಿಯದೆ ಬೆಳೆದ ಗ್ರೀಕ್ ಪುರಾಣದ ರಾಜ) ಯೋಚನೆ ಇತ್ತೆಂದು ಅವರು ಒಂದು ಪ್ರಬಂಧದಲ್ಲಿ ಹೇಳಿಕೊಂಡಿದ್ದಾರೆ. ಪರದೇಶವೆಂದರೆ ಕೆನಡಾ, ಈಡಿಪಸ್ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ನಾನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಕಾಣೆಯಾದ ಮಗನ ಈ ಕಾದಂಬರಿ ಪ್ರಕಟವಾದ ವರ್ಷವೇ, ಕಾಲೇಜಿನಲ್ಲಿದ್ದ ಅವರ ಮಗಳು ಹಲವು ದಿನ ಕಾಣೆಯಾದಳು. ಹುಡುಕಲು ತಂದೆ ನಿಜವಾದ ಖಾಸಗಿ ಪತ್ತೇದಾರರನ್ನು ಗೊತ್ತುಮಾಡಬೇಕಾಯಿತು. ಮಗಳು ಸಿಕ್ಕಳು. ಅಲ್ಲಿಯವರೆಗೆ ಪತ್ತೇದಾರನ ಕಡೆಯಿಂದ ಬರೆಯುತ್ತಿದ್ದ ಮನುಷ್ಯ ಆ ದಿನಗಳಲ್ಲಿ ಕಕ್ಷಿದಾರನ ಕುರ್ಚಿಯಲ್ಲಿ ಕುಳಿತಿದ್ದರು. ಆಮೇಲಿನ ಕಾದಂಬರಿಗಳಲ್ಲಿ ಮಕ್ಕಳನ್ನು ಹುಡುಕಿಕೊಡಿ ಎಂದು ಬರುವ ತಂದೆತಾಯಿಯರ ಮಾತನ್ನು ಗಮನಿಸಿ ಓದಿ. ತಮ್ಮ ಭಯವನ್ನು ಹೇಳಿಕೊಳ್ಳುವಾಗಲೂ ಅವರು ಅರ್ಧವನ್ನು ಮುಚ್ಚಿಡುತ್ತಾರೆ.

ಪ್ರಶ್ನೆ: ಆ ಹುಡುಗ ಮೋಸಗಾರನೋ ಅಲ್ಲವೋ? ಎರಡು ಸಲ ಓದಿದರೂ ನನಗೂ ನನ್ನ ಯಜಮಾನರಿಗೂ ಒಮ್ಮತವಾಗಿಲ್ಲ. (ಗೃಹಿಣಿ, ದಾವಣಗೆರೆ)

ಉತ್ತರ: ಇಬ್ಬರೂ ಗೆದ್ದಿರಿ ಎಂದು ತಿಳಿಯಿರಿ. ಹುಡುಗ ಮೋಸ ಮಾಡಲೆಂದೇ ಬಂದವನು. ಗ್ಯಾಲ್ಟನ್ ಮನೆತನದ ಮೊಮ್ಮಗನ ಪಾತ್ರವನ್ನು ಅವನಿಗೆ ಕಲಿಸಿ, ಕೂಡಿಸಿ, ನಿಲ್ಲಿಸಿದವರು ಬೇರೆ. ಆದರೆ ಅವನು ಯಾರಂತೆ ನಟಿಸುತ್ತಿದ್ದಾನೋ ನಿಜವಾಗಿ ಅವನೇ ಆಗಿರುತ್ತಾನೆ. ಸುಳ್ಳು ಹೇಳುತ್ತಿದ್ದೇನೆಂದು ನಂಬಿ ಅವನು ಸತ್ಯವನ್ನೇ ಹೇಳುತ್ತಿರುತ್ತಾನೆ. ಪತ್ತೇದಾರಿ ಕಾದಂಬರಿಯಲ್ಲಿ ‘ಇವನು ನಕಲಿ’ ಎಂದು ಬಯಲಾಗುವುದು ಹಳೆಯ ಕೀಲು. ನಕಲಿಯೆಂದು ಸಾಬೀತಾದ ಮೇಲೆ ‘ಅಲ್ಲ, ಅಸಲಿಯೇ’ ಎಂದು ಇನ್ನೊಂದು ಸುತ್ತು ತಿರುಗಿಸಿದ್ದು ಮ್ಯಾಕ್‌ಡೊನಾಲ್ಡರ ಕೈಚಳಕ, ಮತ್ತು ಅದು ಬರೀ ಕೈಚಳಕವಲ್ಲ.

ಏಕೆಂದರೆ ಈ ತಿರುವಿನ ಹಿಂದೆ ಒಬ್ಬ ತಾಯಿ ಇದ್ದಾಳೆ. ಗಂಡನನ್ನು ಕೊಂದವನ ಜೊತೆಗೇ ಅವಳು ಗಡಿ ದಾಟಿ ಕೆನಡಾಕ್ಕೆ ಹೋಗಿ, ಅವನ ಹೆಂಡತಿಯೆನಿಸಿಕೊಂಡು, ಮಗನಿಗೆ ಆ ಕೊಲೆಗಾರನನ್ನೇ ತಂದೆಯೆಂದು ತೋರಿಸಿ ವರ್ಷಾನುಗಟ್ಟಲೆ ಸಂಸಾರ ನಡೆಸಿದ್ದಾಳೆ. ಬಾಯಿ ಬಿಟ್ಟರೆ ಮಗು ಉಳಿಯುವುದಿಲ್ಲ ಎಂಬ ಹೆದರಿಕೆ ಅವಳದು. ಇಂಥ ಗುಟ್ಟನ್ನು ಒಮ್ಮೆ ಹೂತು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ದಿನವೂ ಬೆಳಿಗ್ಗೆ ಎದ್ದು, ಅಡುಗೆ ಮಾಡಿದ ಹಾಗೆ, ಪಾತ್ರೆ ಬೆಳಗಿದ ಹಾಗೆ ಅದನ್ನು ಮತ್ತೆ ಮತ್ತೆ ಮುಚ್ಚಬೇಕು. ಕೊಲೆಗಾರನು ಕೊಡಲಿಯನ್ನು ಒಮ್ಮೆ ಎತ್ತಿದ. ಇವಳು ಎರಡು ದಶಕ ದುಡಿದಳು.

ಕರ್ಣನ ಕಥೆ ಕೇಳಿ ಬೆಳೆದ ನಮಗೆ ಈಡಿಪಸ್‌ನವರೆಗೂ ಹೋಗಬೇಕಾದ ಅಗತ್ಯವೇನೂ ಇಲ್ಲ. ಅಲ್ಲಿಯೂ ಗುಟ್ಟು ಯಾರಿಗೂ ಗೊತ್ತಿಲ್ಲದ್ದಲ್ಲ. ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಭೀಷ್ಮರಿಗೂ ಗೊತ್ತು. ಮಗು ಹೊಳೆಯಲ್ಲಿ ತೇಲಿಬಂದ ಪೆಟ್ಟಿಗೆಯಲ್ಲಿ ಸಿಕ್ಕಿತೆಂಬ ತಮ್ಮ ಪಾಲಿನ ಚೂರು ರಾಧೆಗೂ ಅವಳ ಗಂಡನಿಗೂ ಗೊತ್ತು. ಚೂರುಗಳನ್ನು ಕೂಡಿಸಿ ಕರ್ಣನ ಮುಂದಿಡುವ ಹೊತ್ತಿಗೆ ಯುದ್ಧ ಬಾಗಿಲಿಗೆ ಬಂದಿರುತ್ತದೆ, ಸತ್ಯವೇ ಆಯುಧವಾಗಿರುತ್ತದೆ. ಎಲ್ಲ ಮುಗಿದ ಮೇಲೆ ಧರ್ಮರಾಯನಿಗೆ ವಿಷಯ ತಿಳಿದಾಗ ಅವನು ಸಿಟ್ಟಿನಿಂದ ಹೆಂಗಸರ ಮನಸ್ಸಿನಲ್ಲಿ ಗುಟ್ಟು ನಿಲ್ಲದಿರಲೆಂದು ಶಪಿಸುತ್ತಾನೆ. ಬಚ್ಚಿಡುವಂಥ ಸ್ಥಿತಿಗೆ ಅವಳನ್ನು ದೂಡಿದ್ದು ಏನು ಎಂದು ಮಾತ್ರ ಅವನು ಕೇಳುವುದಿಲ್ಲ. ಆರ್ಚರ್ ಕೇಳುತ್ತಾನೆ. ಆ ಕಾರಣಕ್ಕಾಗಿ ನನಗೆ ಅವನ ಮೇಲೆ ಗೌರವ.

ಕೊಲೆಗಾರರಲ್ಲಿ ಇನ್ನೊಬ್ಬರಿದ್ದಾರೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದಾಟಿಕೊಂಡು ಹೋಗಿ ಎಂದರೂ ಹೋಗದವರು ಇದ್ದೇ ಇರುತ್ತೀರಿ.

ಪ್ರಶ್ನೆ: ಕಾಕತಾಳೀಯಗಳು ಅತಿಯಾಗಲಿಲ್ಲವೇ? ಪತ್ತೇದಾರನು ಎಲ್ಲಿ ಹೋದರೂ ಹಳೆಯ ಪ್ರಕರಣಕ್ಕೆ ಸಂಬಂಧಪಟ್ಟವರೇ ಸಿಗುತ್ತಾರೆ. (ಬ್ಯಾಂಕ್ ಉದ್ಯೋಗಿ, ಕಲಬುರಗಿ)

ಉತ್ತರ: ಅತಿಯಾಗಿವೆ. ವಕೀಲರ ಮನೆಯಲ್ಲಿ ನಡೆಯುವ ಕೊಲೆಗೂ ಎರಡು ದಶಕದ ಹಿಂದಿನ ಎಲುಬಿಗೂ ನಂಟಿದೆಯೆಂದು ತಿಳಿದಾಗ ನಾನೂ ಒಮ್ಮೆ ಹುಬ್ಬೇರಿಸಿದ್ದೆ. ಹೂತಿಟ್ಟದ್ದನ್ನು ತಿಳಿದವರೇ ಅದರಿಂದ ದುಡ್ಡು ಮಾಡಲು ಹೊರಟಿದ್ದಾರೆಂಬ ವಿವರಣೆ ಮುಂದೆ ಬರುತ್ತದೆ. ಅದರಿಂದ ಅರ್ಧ ಸಮಾಧಾನವಾಗುತ್ತದೆ. ಉಳಿದರ್ಧಕ್ಕೆ ಲೇಖಕರ ಪರವಾಗಿ ವಾದ ಮಾಡುವ ಉತ್ಸಾಹ ನನಗಿಲ್ಲ. 1970ರ ದಶಕದ ಕಾದಂಬರಿಗಳಲ್ಲಿ ಈ ದೋಷ ಇನ್ನೂ ಹೆಚ್ಚುತ್ತದೆ. ಯಾರು ಯಾರ ಮಗ ಎಂದು ಹಾಳೆಯ ಮೇಲೆ ವಂಶವೃಕ್ಷ ಬರೆದುಕೊಳ್ಳದೆ ಕೊನೆ ಮುಟ್ಟುವುದು ಕಷ್ಟ.

ಪ್ರಶ್ನೆ: ಮಲೆನಾಡಿನ ಒಂದು ದೊಡ್ಡ ಅಡಿಕೆ ತೋಟದ ಮನೆತನದ ಮೇಲೆ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಬೆಂಗಳೂರಿನಿಂದ ಬರುವ ಖಾಸಗಿ ಪತ್ತೇದಾರ ಐವತ್ತು ವರ್ಷದ ಹಿಂದಿನ ಗುಟ್ಟನ್ನು ಬಿಡಿಸುತ್ತಾನೆ. ಪೊಲೀಸರು ಅವನಿಗೆ ಕಡತ ಕೊಡುತ್ತಾರೆ, ಅವನು ಕೊನೆಯಲ್ಲಿ ಅಪರಾಧಿಯನ್ನು ಬಂಧಿಸುತ್ತಾನೆ. ಓದಿದ ಗೆಳೆಯರು ‘ನಂಬಲಾಗುವುದಿಲ್ಲ’ ಎನ್ನುತ್ತಾರೆ. ಏನು ಮಾಡಲಿ? (ಶಾಲಾ ಶಿಕ್ಷಕರು, ಶಿರಸಿ)

ಉತ್ತರ: ಗೆಳೆಯರ ಮಾತು ಸರಿ, ಆದರೆ ಕಾದಂಬರಿಯನ್ನು ಕೈಬಿಡಬೇಡಿ. ನಿಮ್ಮ ಪತ್ತೇದಾರನ ಕೈಯಿಂದ ಕಡತವನ್ನೂ ಬೇಡಿಯನ್ನೂ ಕಿತ್ತುಕೊಳ್ಳಿ. ಕಥೆ ತಾನಾಗಿ ಉಸಿರಾಡುತ್ತದೆ.

ಆರ್ಚರನಿಗೆ ಕ್ಯಾಲಿಫೋರ್ನಿಯ ರಾಜ್ಯ ಕೊಟ್ಟ ಲೈಸೆನ್ಸ್ ಇದೆ, ಅದನ್ನು ಕಳೆದುಕೊಳ್ಳುವ ಭಯವೂ ಇದೆ. ನಮ್ಮ ದೇಶದಲ್ಲಿ 2005ರ ಕಾಯಿದೆ ಖಾಸಗಿ ಭದ್ರತಾ ಸಂಸ್ಥೆಗಳಿಗೆ, ಅಂದರೆ ಕಾವಲುಗಾರರನ್ನು ಒದಗಿಸುವವರಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಪತ್ತೇದಾರಿ ಸಂಸ್ಥೆಗಳಿಗಾಗಿ 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾಯಿದೆಯಾಗಲೇ ಇಲ್ಲ. ಹೀಗಾಗಿ ನಿಮ್ಮ ನಾಯಕನು ಕಾನೂನಿನ ಕಣ್ಣಿನಲ್ಲಿ ಒಬ್ಬ ಸಾಮಾನ್ಯ ನಾಗರಿಕ. ಅವನು ಯಾರನ್ನೂ ಠಾಣೆಗೆ ಕರೆಸುವಂತಿಲ್ಲ, ಮನೆ ಶೋಧಿಸುವಂತಿಲ್ಲ. ಫೋನ್ ಕರೆಗಳ ವಿವರವನ್ನು ‘ಪರಿಚಯದವರಿಂದ’ ತರಿಸಿಕೊಳ್ಳುವ ದೃಶ್ಯವನ್ನು ಅನೇಕರು ಸಲೀಸಾಗಿ ಬರೆಯುತ್ತಾರೆ. 2018ರಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು ಖಾಸಗಿ ಪತ್ತೇದಾರರನ್ನು ಬಂಧಿಸಿದ್ದು ಅದೇ ಕೆಲಸಕ್ಕೆ. ಅಂಥವನ ಸಾಮಾನ್ಯ ಸಂಪಾದನೆಯೆಂದರೆ ಮದುವೆಗೆ ಮುಂಚೆ ಗಂಡಿನ ನಡತೆ, ಸಂಬಳ, ಸಾಲ ವಿಚಾರಿಸಿಕೊಡುವುದು. ನಿಮ್ಮ ನಾಯಕನು ತೋಟದ ಮನೆಗೆ ಬರುವುದೂ ಅಂಥದೊಂದು ವಿಚಾರಣೆಯ ನೆಪದಲ್ಲೇ ಆಗಲಿ. ಹುಡುಗನ ಬಗ್ಗೆ ಕೇಳಲು ಬಂದವನಿಗೆ ಹುಡುಗನ ಅಜ್ಜನ ಬಗ್ಗೆ ಯಾರೂ ಮಾತಾಡುವುದಿಲ್ಲವೆಂದು ಗೊತ್ತಾಗಲಿ.

ಐವತ್ತು ವರ್ಷ ಎಂದಿದ್ದೀರಿ. ನಿಮಗೆ ತಿಳಿದೋ ತಿಳಿಯದೆಯೋ ಒಳ್ಳೆಯ ಕಾಲವನ್ನೇ ಆರಿಸಿಕೊಂಡಿದ್ದೀರಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಜಮೀನು ಸರ್ಕಾರದ ವಶವಾಗಿ, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ತಮ್ಮ ಉಳುಮೆಯನ್ನು ಸಾಬೀತುಪಡಿಸಿ ಹಕ್ಕು ಪಡೆದರು. ಮಲೆನಾಡು, ಕರಾವಳಿಗಳ ಎಷ್ಟೋ ಮನೆಗಳಲ್ಲಿ ‘ಡಿಕ್ಲರೇಷನ್’ ಎಂಬ ಇಂಗ್ಲಿಷ್ ಮಾತು ಇಂದಿಗೂ ಮನೆಮಾತು. ಈಗ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಇತರ ಎಲ್ಲ ಗೇಣಿದಾರರ ಅರ್ಜಿಗಳನ್ನು ಪಟ್ಟುಹಿಡಿದು ವಿರೋಧಿಸಿದ ಒಡೆಯರು, ಒಬ್ಬನೇ ಒಬ್ಬನ ಅರ್ಜಿಗೆ ಮಾತ್ರ ತಕರಾರು ಮಾಡದೆ ಎರಡೆಕರೆಯನ್ನು ಬಿಟ್ಟುಕೊಟ್ಟದ್ದು ಏಕೆ? ಅವನು ಉಳುತ್ತಿದ್ದನೇ, ಅಥವಾ ಏನನ್ನೋ ನೋಡಿದ್ದನೇ? ಇದಕ್ಕೆ ಪೊಲೀಸ್ ಕಡತ ಬೇಕಾಗಿಲ್ಲ. ಹಳೆಯ ಕೈಬರಹದ ಪಹಣಿಯಲ್ಲಿ ಹೆಸರು ಬದಲಾದ ವರ್ಷ, ಮಂಡಳಿಯ ಆದೇಶದ ನಕಲು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತೆಗೆಸಿದ ಪತ್ರಗಳು, ಇಷ್ಟನ್ನು ಸಾಮಾನ್ಯ ನಾಗರಿಕನೂ ಅರ್ಜಿ ಕೊಟ್ಟು, ಕಾದು, ಮತ್ತೆ ಹೋಗಿ ಕಾದು ಪಡೆಯಬಹುದು. ಆ ಕಾಯುವಿಕೆಯನ್ನು ಬಿಡದೆ ಬರೆಯಿರಿ. ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತ ಮುದುಕ ನಿಮ್ಮ ಪತ್ತೇದಾರನಿಗೆ ಕಚೇರಿಯ ಗುಮಾಸ್ತರಿಗಿಂತ ಹೆಚ್ಚು ಹೇಳಬಹುದು.

ಎರಡನೆಯ ದಾರಿ, ಮನೆಯ ಹೆಣ್ಣುಮಕ್ಕಳದು. ಕರ್ನಾಟಕದಲ್ಲಿ 1994ರ ತಿದ್ದುಪಡಿಯೂ ಆಮೇಲೆ ಇಡೀ ದೇಶಕ್ಕೆ 2005ರ ತಿದ್ದುಪಡಿಯೂ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟ ಮೇಲೆ, ಅದುವರೆಗೆ ಯಾರೂ ಕೇಳದಿದ್ದ ಸಹಿಗಳು ಬೇಕಾದವು. ‘ಸಣ್ಣವಳಿದ್ದಾಗಲೇ ತೀರಿಹೋದಳು’ ಎಂದು ಹೇಳಿಕೊಂಡು ಬಂದ ಅತ್ತೆಯ ಹೆಸರು ವಂಶವೃಕ್ಷದ ಅರ್ಜಿಯಲ್ಲಿ ಇರಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಗೆ ಜಗಲಿಯ ಮೇಲೆ ಕುಳಿತ ಐದು ಜನ ಐದು ಕಡೆ ನೋಡುತ್ತಾರೆ. ಕಾಣೆಯಾದವರ ವಿಷಯದಲ್ಲೂ ಕಾನೂನು ಕಾದಂಬರಿಕಾರನಿಗೆ ಉಪಕಾರ ಮಾಡಿದೆ. ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೇ ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ, ಆ ವ್ಯಕ್ತಿ ಬದುಕಿದ್ದಾನೆಂದು ಹೇಳುವವರೇ ಅದನ್ನು ಸಾಬೀತುಪಡಿಸಬೇಕು. ಆದರೆ ಯಾವ ದಿನ ಸತ್ತನೆಂಬುದನ್ನು ಕಾನೂನು ಊಹಿಸುವುದಿಲ್ಲ. ಅಜ್ಜ ಮೊದಲು ಸತ್ತರೋ, ಕಾಣೆಯಾದ ಮಗ ಮೊದಲು ಸತ್ತನೋ? ಆಸ್ತಿ ಯಾರ ಕಡೆ ಹರಿಯುತ್ತದೆಂಬುದು ಈ ಒಂದು ತಾರೀಖಿನ ಮೇಲೆ ನಿಂತಿದ್ದರೆ, ಆ ತಾರೀಖನ್ನು ತಿದ್ದಲು ಯಾರಿಗೆ ಮನಸ್ಸಾಗುತ್ತದೆಂದು ನಾನು ಹೇಳುವುದು ಬೇಡ.

ಇನ್ನೊಂದು ಮಾತು. ನಿಮ್ಮ ಪತ್ತೇದಾರನಿಗೆ ಸ್ವಂತ ಮನೆ, ಸಂಸಾರ ಇರಬೇಕೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಆರ್ಚರನು ಲಾಂಗ್ ಬೀಚ್ ಪೊಲೀಸ್ ಇಲಾಖೆಯಿಂದ ಹೊರಬಂದವನು, ಹೆಂಡತಿಯಿಂದ ವಿಚ್ಛೇದನ ಪಡೆದವನು. ಹದಿನೆಂಟು ಕಾದಂಬರಿಗಳಲ್ಲಿ ಅವನ ಬಗ್ಗೆ ನಮಗೆ ತಿಳಿಯುವುದು ಇದಕ್ಕಿಂತ ಹೆಚ್ಚೇನಲ್ಲ. ಅಮೆರಿಕದಲ್ಲಿ ಅದು ನಡೆಯುತ್ತದೆ. ಶಿರಸಿಯ ಜಗಲಿಯಲ್ಲಿ ಕುಳಿತವನನ್ನು ‘ಯಾವೂರು, ಯಾರ ಪೈಕಿ’ ಎಂದು ಕೇಳದೆ ಬಿಡುವವರಿದ್ದಾರೆಯೇ? ಅವನು ಉತ್ತರ ಕೊಡಲೇಬೇಕು, ಅಥವಾ ಚೆನ್ನಾಗಿ ಸುಳ್ಳು ಹೇಳಬೇಕು. ಪ್ರಶ್ನೆ ಕೇಳಲು ಬಂದವನನ್ನೇ ಮೊದಲ ಅಧ್ಯಾಯದಲ್ಲಿ ವಿಚಾರಣೆಗೆ ಗುರಿಮಾಡುವ ಈ ಅವಕಾಶ ಮ್ಯಾಕ್‌ಡೊನಾಲ್ಡರಿಗೆ ಸಿಕ್ಕಿರಲಿಲ್ಲ, ನಿಮಗೆ ಸಿಕ್ಕಿದೆ.

ಪ್ರಶ್ನೆ: ಯಾವುದರಿಂದ ಓದಲು ಆರಂಭಿಸಬೇಕು? ಅವರ ಪತ್ನಿಯೂ ಬರೆಯುತ್ತಿದ್ದರೆಂದು ಕೇಳಿದ್ದೇನೆ, ನಿಜವೇ? (ಎಂಜಿನಿಯರ್, ಬೆಂಗಳೂರು)

ಉತ್ತರ: ನಿಜ. ಮಾರ್ಗರೆಟ್ ಮಿಲ್ಲರ್ ಗಂಡನಿಗಿಂತ ಮೊದಲೇ ಪತ್ತೇದಾರಿ ಲೇಖಕಿಯಾಗಿ ಹೆಸರು ಮಾಡಿದವರು; ಅವರ ‘ಬೀಸ್ಟ್ ಇನ್ ವ್ಯೂ’ಗೆ 1956ರಲ್ಲಿ ಅಮೆರಿಕದ ಎಡ್ಗರ್ ಪ್ರಶಸ್ತಿ ಬಂತು. ಮಿಲ್ಲರ್ ಎಂಬ ಹೆಸರಿನಲ್ಲಿ ಪತ್ನಿ ಆಗಲೇ ಪ್ರಸಿದ್ಧರಾಗಿದ್ದುದೂ ಗಂಡ ಬೇರೆ ಹೆಸರು ಹುಡುಕಿಕೊಳ್ಳಲು ಒಂದು ಕಾರಣ. ಓದುವ ಕ್ರಮದಲ್ಲಿ, ಮೊದಲು ‘ಗ್ಯಾಲ್ಟನ್’, ಬಳಿಕ 1964ರ ‘ದಿ ಚಿಲ್’, ಆಮೇಲೆ 1971ರ ‘ದಿ ಅಂಡರ್‌ಗ್ರೌಂಡ್ ಮ್ಯಾನ್’. ಎರಡನೆಯದರ ಕೊನೆಯ ಪುಟ ನನ್ನನ್ನು ಬೆಚ್ಚಿಬೀಳಿಸಿದಷ್ಟು ಬೇರೆ ಯಾವ ಪತ್ತೇದಾರಿಯ ಕೊನೆಯೂ ಬೀಳಿಸಿಲ್ಲ. ಮೂರನೆಯದರಲ್ಲಿ ಗುಡ್ಡಕ್ಕೆ ಬಿದ್ದ ಕಾಳ್ಗಿಚ್ಚು ಊರಿನತ್ತ ಇಳಿಯುತ್ತಿರುವಾಗಲೇ, ಹದಿನೈದು ವರ್ಷ ಹಿಂದೆ ಮನೆಬಿಟ್ಟು ಹೋದನೆಂದು ಎಲ್ಲರೂ ನಂಬಿದ್ದ ತಂದೆಯ ಹುಡುಕಾಟ ನಡೆಯುತ್ತದೆ. 1976ರ ಕೊನೆಯ ಕಾದಂಬರಿಯಿಂದ ಮಾತ್ರ ಆರಂಭಿಸಬೇಡಿ. ಅದನ್ನು ಬರೆದ ಮೇಲೆ ಅವರ ನೆನಪು ಮಾಸತೊಡಗಿತು. ಆಲ್ಝೈಮರ್ ಕಾಯಿಲೆಯಿಂದ 1983ರಲ್ಲಿ ತೀರಿಕೊಂಡರು.

ಪ್ರಶ್ನೆ: ನನ್ನ ಹೆಸರು ಹಾಕಬೇಡಿ. ಹೋದ ವರ್ಷ ಅಪ್ಪ ತೀರಿಕೊಂಡರು. ಅವರ ಟ್ರಂಕಿನಲ್ಲಿ ಒಂದು ಹಳೆಯ ಕಪ್ಪುಬಿಳುಪು ಫೋಟೊ ಸಿಕ್ಕಿತು: ತರುಣನಾಗಿದ್ದ ಅಪ್ಪ, ನಮಗೆ ಗೊತ್ತಿಲ್ಲದ ಒಬ್ಬ ಹೆಂಗಸು, ಅವರ ತೊಡೆಯ ಮೇಲೆ ಎರಡು ಮೂರು ವರ್ಷದ ಮಗು. ಅಮ್ಮ ‘ಯಾರೋ ಸ್ನೇಹಿತರು’ ಎಂದು ಒಳಗಿಟ್ಟುಬಿಟ್ಟರು. ಸೋದರತ್ತೆಯನ್ನು ಕೇಳಿದರೆ ಮಾತು ಬದಲಿಸಿದರು. ನಿಮ್ಮ ಟಿಪ್ಪಣಿ ಓದಿದ ಮೇಲೆ ಒಬ್ಬ ಖಾಸಗಿ ಪತ್ತೇದಾರರನ್ನು ಗೊತ್ತುಮಾಡಬೇಕು ಅನ್ನಿಸುತ್ತಿದೆ. ತಪ್ಪೇ? (ತುಮಕೂರು ಜಿಲ್ಲೆಯ ಓದುಗರು)

ಉತ್ತರ: ತಪ್ಪೆಂದು ಹೇಳುವ ಹಕ್ಕು ನನಗಿಲ್ಲ. ಆದರೆ ಒಂದು ಕಾದಂಬರಿಯನ್ನು ಹೊಗಳಿ ನಿಮ್ಮ ಮನಸ್ಸನ್ನು ಆ ಕಡೆ ತಿರುಗಿಸಿದವನು ನಾನಾದ್ದರಿಂದ, ಈಗಲೇ ಬೇಡ ಎಂದು ಕೇಳಿಕೊಳ್ಳುತ್ತೇನೆ.

ಆರ್ಚರನಂಥ ಪತ್ತೇದಾರರು ಕಾದಂಬರಿಯಲ್ಲಿ ಮಾತ್ರ ಸಿಗುತ್ತಾರೆ. ನಿಜವಾದವರು ಶುಲ್ಕ ಪಡೆದು, ನಾಲ್ಕು ಪುಟದ ವರದಿ ಕೊಟ್ಟು, ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಆ ನಾಲ್ಕು ಪುಟದ ಜೊತೆ ಒಂದೇ ಮನೆಯಲ್ಲಿ ಬದುಕಬೇಕಾದವರು ನೀವು ಮತ್ತು ನಿಮ್ಮ ಅಮ್ಮ. ವಿಚಾರಿಸಲು ಬಂದವರು ಮೊದಲು ಹೋಗುವುದು ನೆರೆಹೊರೆಗೆ. ನಿಮ್ಮ ಮನೆಯೊಳಗೆ ಕೇಳಬಹುದಾಗಿದ್ದ ಪ್ರಶ್ನೆ ಬೀದಿಯಲ್ಲಿ ಕೇಳಿಸಿಕೊಂಡು ಅಮ್ಮನ ಕಿವಿಗೆ ಬಂದರೆ, ಅವರು ಇಷ್ಟು ವರ್ಷ ಏನನ್ನು ಕಾಪಾಡಿಕೊಂಡು ಬಂದಿದ್ದರೋ ಅದನ್ನು ನೀವೇ ಬೀದಿಗಿಟ್ಟಂತಾಗುತ್ತದೆ. ಎಲ್ಲರ ಮನೆ ದೋಸೆಯೂ ತೂತೇ ಎಂಬ ಸಮಾಧಾನ ಆಗ ಕೆಲಸಕ್ಕೆ ಬರುವುದಿಲ್ಲ. ಫೋಟೊದಲ್ಲಿರುವುದು ನೀವು ಹೆದರುತ್ತಿರುವುದಾಗಿರದೆ ಸತ್ತುಹೋದ ಅಕ್ಕನೋ, ದೂರವಾದ ನೆಂಟರೋ, ನಿಜವಾಗಿಯೂ ಸ್ನೇಹಿತರೋ ಆಗಿರಬಹುದು. ನೀವು ಹೆದರುತ್ತಿರುವುದೇ ಆಗಿದ್ದರೆ, ಆ ಮಗುವಿಗೆ ಈಗ ನಿಮಗಿಂತ ಹೆಚ್ಚು ವಯಸ್ಸಾಗಿರಬೇಕು; ತಾನು ಪತ್ತೆಯಾಗಬೇಕೋ ಬೇಡವೋ ಎಂಬುದರಲ್ಲಿ ಅವರದೂ ಒಂದು ಮಾತಿದೆ.

ನೀವೇ ಮಾಡಬಹುದಾದದ್ದು ಸ್ವಲ್ಪ ಇದೆ. ಫೋಟೊದ ಹಿಂಬದಿಯನ್ನು ನೋಡಿ. ಹಳೆಯ ಸ್ಟುಡಿಯೊಗಳು ಅಲ್ಲಿ ಊರಿನ ಹೆಸರಿರುವ ಮೊಹರು ಒತ್ತುತ್ತಿದ್ದವು, ಕೆಲವೊಮ್ಮೆ ಪೆನ್ಸಿಲಿನಲ್ಲಿ ಬರೆದ ತಾರೀಖೂ ಇರುತ್ತದೆ. ಅಪ್ಪ ಸರ್ಕಾರಿ ನೌಕರರಾಗಿದ್ದರೆ ಯಾವ ವರ್ಷ ಯಾವ ಊರಿನಲ್ಲಿದ್ದರೆಂಬುದು ಅವರ ಸೇವಾ ಪುಸ್ತಕದಿಂದ ತಿಳಿಯುತ್ತದೆ. ಇವೆರಡೂ ಯಾರ ಮನಸ್ಸನ್ನೂ ನೋಯಿಸದೆ ಸಿಗುವ ಚೂರುಗಳು. ಅಮ್ಮನನ್ನು ಮತ್ತೆ ಕೇಳಬೇಡಿ. ಫೋಟೊ ಅವರ ಬಳಿ ಇದೆ, ಅವರೇ ತೆಗೆಯುವ ದಿನ ಬರಬಹುದು.

ಸೋದರತ್ತೆ ಮಾತು ಬದಲಿಸಿದರೆಂದು ಬರೆದಿದ್ದೀರಿ. ಯಾವ ಮಾತಿಗೆ ಬದಲಿಸಿದರು ಎಂಬುದನ್ನು ಬರೆದಿಲ್ಲ. ಅವರು ತೋಟದ ವಿಷಯ ತೆಗೆದರೇ, ಯಾರದೋ ಮದುವೆಯನ್ನು ನೆನೆದರೇ, ಒಂದು ಊರಿನ ಹೆಸರು ಹೇಳಿದರೇ? ಮರೆಯುವ ಮೊದಲು ಅದನ್ನು ಒಂದು ಹಾಳೆಯ ಮೇಲೆ ಬರೆದಿಡಿ.